ಇಂಗ್ಲಿಷ್ ಟಾಯ್ ಟೆರಿಯರ್: ಪದೇ ಪದೇ ಕೇಳುವ ಪ್ರಶ್ನೆಗಳು

ಕಪ್ಪು ಮೈ, ಕಂದು ಕಾಲು, ನೆಟ್ಟಗೆ ನಿಂತ ಕಿವಿ, ಒಂದೇ ಕೈಯಲ್ಲಿ ಎತ್ತಿಕೊಳ್ಳಬಹುದಾದ ದೇಹ. ಇಂಗ್ಲಿಷ್ ಟಾಯ್ ಟೆರಿಯರ್ ಅನ್ನು ಮೊದಲ ಸಲ ಕಂಡವರು ಇದು ಮಡಿಲಲ್ಲಿ ಮಲಗಿ ಕಾಲ ಕಳೆಯುವ ನಾಯಿ ಎಂದುಕೊಳ್ಳುತ್ತಾರೆ. ಮಡಿಲಲ್ಲಿ ಮಲಗುವುದು ಇದಕ್ಕೆ ಇಷ್ಟವೇ. ಆದರೆ ಇದರ ಹಿರಿಯರು ಇಲಿ ಕೊಲ್ಲುವ ಕಸುಬಿನವರು. ಆ ಕಸುಬು ಈಗಲೂ ಇದರ ಕಣ್ಣಲ್ಲಿ, ಕಾಲಲ್ಲಿ, ಹಲ್ಲಲ್ಲಿ ಉಳಿದಿದೆ. ಇದನ್ನು ಅರಿಯದೆ ಮನೆಗೆ ತಂದರೆ ನಾಯಿಗೂ ಕಷ್ಟ, ಮನೆಯವರಿಗೂ ಕಷ್ಟ. ಬ್ರಿಟನ್ನಿನಲ್ಲಿ ನೆಲೆಸಿರುವ ಕನ್ನಡಿಗ ಸ್ನೇಹಿತರು ಮತ್ತು ಊರಿನ ನಾಯಿಪ್ರಿಯರು ಕೇಳುತ್ತಲೇ ಇರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ.

ಪೂರ್ತಿ ಬೆಳೆದಾಗ ಎಷ್ಟು ದೊಡ್ಡದಿರುತ್ತದೆ?

ನಾಯಿ ತಳಿಗಳನ್ನು ನೋಂದಾಯಿಸುವ ಬ್ರಿಟನ್ನಿನ ಸಂಸ್ಥೆ ಕೆನಲ್ ಕ್ಲಬ್‌ನ ಮಾನದಂಡದ ಪ್ರಕಾರ ಭುಜದ ಎತ್ತರ 25ರಿಂದ 30 ಸೆಂ.ಮೀ., ತೂಕ 2.7ರಿಂದ 3.6 ಕೆ.ಜಿ. ಇದ್ದರೆ ಚೆಂದ. ಹನ್ನೆರಡು ಹದಿಮೂರು ವರ್ಷ ಬಾಳುವ ನಾಯಿಗಳು ಸಾಮಾನ್ಯ.

ಇದೇ ತಳಿ ಎಂದು ಗುರುತಿಸುವುದು ಹೇಗೆ?

ಮೊದಲು ಕಿವಿ ನೋಡಿ. ಮಾನದಂಡವೇ ಅದನ್ನು ಮೇಣದಬತ್ತಿಯ ಜ್ವಾಲೆಗೆ ಹೋಲಿಸುತ್ತದೆ: ಬುಡದಲ್ಲಿ ಕಿರಿದು, ನಡುವೆ ತುಸು ಅಗಲ, ತುದಿಯಲ್ಲಿ ಮೊನಚು. ಮರಿಗಳಲ್ಲಿ ಕಿವಿ ಬಾಗಿರಬಹುದು. ಒಂಬತ್ತು ತಿಂಗಳಾಗುವಷ್ಟರಲ್ಲಿ ನೆಟ್ಟಗೆ ನಿಲ್ಲಬೇಕು. ತಲೆ ಉದ್ದ, ಕಿರಿದು, ಬೆಣೆಯ ಆಕಾರ. ಕಣ್ಣು ಚಿಕ್ಕದು, ಬಾದಾಮಿಯಾಕಾರದ್ದು, ಹೆಚ್ಚುಕಡಿಮೆ ಕಪ್ಪು. ಕೂದಲು ಒತ್ತಾಗಿ, ಮೈಗಂಟಿಕೊಂಡು, ಹೊಳೆಯುತ್ತಿರಬೇಕು.

ನನಗೆ ಅತ್ಯಂತ ಇಷ್ಟವಾಗುವುದು ಇದರ ಬಣ್ಣದ ಲೆಕ್ಕಾಚಾರ. ಎರಡೇ ಬಣ್ಣ, ಕಡುಗಪ್ಪು ಮತ್ತು ಕೆಂಗಂದು, ಆದರೆ ಯಾವುದು ಎಲ್ಲಿ ನಿಲ್ಲಬೇಕೆಂಬುದಕ್ಕೆ ಕಟ್ಟುನಿಟ್ಟಾದ ನಿಯಮವಿದೆ. ಪ್ರತಿ ಕಣ್ಣಿನ ಮೇಲೆ ಒಂದು ಕಂದು ಚುಕ್ಕೆ, ಎರಡು ಕೆನ್ನೆಯ ಮೇಲೂ ಒಂದೊಂದು. ಮುಂಗಾಲುಗಳು ಮುಂಭಾಗದಲ್ಲಿ ಮಂಡಿಯ ತನಕ ಕಂದು. ಆ ಕಂದಿನ ನಡುವೆ, ಪಾದಕ್ಕಿಂತ ಸ್ವಲ್ಪ ಮೇಲೆ, ಮಸಿ ಹಚ್ಚಿದ ಹೆಬ್ಬೆರಳನ್ನು ಒತ್ತಿದಂಥ ಒಂದು ಕಪ್ಪು ಗುರುತು. ಒಂದೊಂದು ಬೆರಳ ಮೇಲೂ ಪೆನ್ಸಿಲ್ಲಿನಲ್ಲಿ ಎಳೆದಂತೆ ಸಣ್ಣ ಕಪ್ಪು ಗೆರೆ. ಎರಡು ಬಣ್ಣ ಕಲಸಿಹೋಗಬಾರದು, ಗಡಿ ಸ್ಪಷ್ಟವಾಗಿರಬೇಕು.

ಬೆಂಗಳೂರಿನಲ್ಲಿ ಇಂಥದ್ದನ್ನೇ ನೋಡಿದ್ದೇನೆ. ಅದು ಟಾಯ್ ಟೆರಿಯರ್ ಆಗಿತ್ತೇ?

ಬಹುಮಟ್ಟಿಗೆ ನೀವು ನೋಡಿದ್ದು ಮಿನಿಯೇಚರ್ ಪಿನ್ಷರ್. ನಮ್ಮ ನಗರಗಳಲ್ಲಿ ಆ ಜರ್ಮನ್ ತಳಿ ಸಾಕಷ್ಟು ಇದೆ. ಇಂಗ್ಲಿಷ್ ಟಾಯ್ ಟೆರಿಯರ್ ಭಾರತದಲ್ಲಿ ತೀರಾ ಅಪರೂಪ. ಎರಡಕ್ಕೂ ಕಪ್ಪು ಕಂದು ಬಣ್ಣವಿರುವುದರಿಂದ ಗೊಂದಲ ಸಹಜ.

ವ್ಯತ್ಯಾಸ ಹಿಡಿಯಲು ಸುಲಭದ ದಾರಿ ನಡಿಗೆ. ಪಿನ್ಷರ್ ಸಾರೋಟಿನ ಕುದುರೆಯ ಗತ್ತಿನಲ್ಲಿ ಮುಂಗಾಲನ್ನು ಎತ್ತರಕ್ಕೆ ಎತ್ತಿ ಹಾಕುತ್ತದೆ. ಟಾಯ್ ಟೆರಿಯರ್ ಹಾಗೆ ನಡೆದರೆ ಅದು ದೋಷ. ಇದರ ಓಟ ನೆಲಕ್ಕೆ ಹತ್ತಿರ, ಸರಾಗ. ಪಿನ್ಷರಿನ ದೇಹ ಚೌಕಾಕಾರ, ಮೈ ತುಂಬಿಕೊಂಡಿರುತ್ತದೆ. ಟಾಯ್ ಟೆರಿಯರ್ ಸಪೂರ, ತುಸು ಉದ್ದ. ಇನ್ನು ಆ ಹೆಬ್ಬೆರಳ ಗುರುತು: ಅಮೆರಿಕದ ಮಾನದಂಡದಲ್ಲಿ ಪಿನ್ಷರಿನ ಕಾಲಲ್ಲಿ ಅದು ಕಂಡರೆ ನಾಯಿಯನ್ನು ಪ್ರದರ್ಶನದಿಂದ ಅನರ್ಹಗೊಳಿಸುತ್ತಾರೆ. ಒಂದು ತಳಿಯಲ್ಲಿ ಇರಲೇಬೇಕಾದದ್ದು ಇನ್ನೊಂದರಲ್ಲಿ ಇರಲೇಬಾರದು. ಮುಂಗಾಲನ್ನು ಒಮ್ಮೆ ನೋಡಿದರೆ ಅರ್ಧ ಅನುಮಾನ ಪರಿಹಾರವಾಗುತ್ತದೆ.

ಮ್ಯಾಂಚೆಸ್ಟರ್ ಟೆರಿಯರ್ ಎಂದು ಕರೆಯುವುದೂ ಇದನ್ನೇ ಏನು?

ಎರಡೂ ಒಂದೇ ಬೇರಿನವು. ಇಂಗ್ಲೆಂಡಿನ ಹಳೆಯ ಕಪ್ಪು ಕಂದು ಟೆರಿಯರುಗಳಿಂದ ಬಂದ ದೊಡ್ಡ ಗಾತ್ರದ ನಾಯಿ ಮ್ಯಾಂಚೆಸ್ಟರ್ ಟೆರಿಯರ್, ಪುಟ್ಟದ್ದು ಟಾಯ್ ಟೆರಿಯರ್. ಬ್ರಿಟನ್ನಿನಲ್ಲಿ ಇವು ಬೇರೆ ಬೇರೆ ತಳಿಗಳು. ಈಗಿನ ಹೆಸರು ಪುಟ್ಟ ನಾಯಿಗೆ ಅಲ್ಲಿ ಅಧಿಕೃತವಾಗಿ ಬಂದದ್ದು 1960ರ ದಶಕದಲ್ಲಿ. ಅಮೆರಿಕದಲ್ಲಿ ಮಾತ್ರ 1959ರಿಂದ ಎರಡನ್ನೂ ಒಂದೇ ತಳಿಯ ಎರಡು ಗಾತ್ರಗಳೆಂದು ಎಣಿಸುತ್ತಾರೆ. ರಷ್ಯಾದ ಪುಟ್ಟ ನಾಯಿ ರಷ್ಯನ್ ಟಾಯ್ ಕೂಡ ಇಂಗ್ಲೆಂಡಿನಿಂದ ಅಲ್ಲಿಗೆ ಹೋದ ಟಾಯ್ ಟೆರಿಯರುಗಳ ಸಂತತಿಯೇ.

ಇಷ್ಟು ಪುಟ್ಟ ನಾಯಿ ನಿಜವಾಗಿಯೂ ಇಲಿ ಹಿಡಿಯುತ್ತಿತ್ತೇ?

ಹಿಡಿಯುತ್ತಿತ್ತು ಎಂಬುದು ಸಣ್ಣ ಮಾತಾಯಿತು. ಹತ್ತೊಂಬತ್ತನೆಯ ಶತಮಾನದ ಲಂಡನ್ ಮತ್ತು ಮ್ಯಾಂಚೆಸ್ಟರ್ ಇಲಿಗಳಿಂದ ತುಂಬಿಹೋಗಿದ್ದ ನಗರಗಳು. ಹಡಗುಕಟ್ಟೆ, ಕಣಜ, ಕಾರ್ಖಾನೆ, ಚರಂಡಿ, ಎಲ್ಲೆಲ್ಲೂ ಇಲಿ. ಬಿಲಕ್ಕೆ ನುಗ್ಗಬಲ್ಲ, ಚುರುಕಾದ, ಒಂದೇ ಕುಲುಕಿನಲ್ಲಿ ಇಲಿಯ ಬೆನ್ನು ಮುರಿಯಬಲ್ಲ ಟೆರಿಯರಿಗೆ ಅಲ್ಲಿ ಬೆಲೆಯಿತ್ತು. ವಿಕ್ಟೋರಿಯಾ ರಾಣಿಯ ಇಲಿ ಹಿಡಿಯುವವನೆಂದು ಹೆಸರಾಗಿದ್ದ ಜ್ಯಾಕ್ ಬ್ಲ್ಯಾಕ್ ಕಪ್ಪು ಕಂದು ಟೆರಿಯರುಗಳನ್ನು ಸಾಕಿ ಮರಿ ಮಾಡಿಸುತ್ತಿದ್ದ. ಪತ್ರಕರ್ತ ಹೆನ್ರಿ ಮೇಹ್ಯೂಗೆ ಅವನು ತನ್ನ ಬಿಲ್ಲಿ ಎಂಬ ನಾಯಿಯ ಬಗ್ಗೆ ಹೆಮ್ಮೆಯಿಂದ ಹೇಳಿಕೊಂಡದ್ದು ದಾಖಲಾಗಿದೆ.

ಇದರ ಇನ್ನೊಂದು ಮುಖ ಕ್ರೂರವಾದದ್ದು. 1835ರ ಕಾನೂನು ಕರಡಿ ಮತ್ತು ಗೂಳಿಗಳ ಮೇಲೆ ನಾಯಿ ಬಿಡುವ ಆಟಗಳನ್ನು ನಿಷೇಧಿಸಿತು. ಜೂಜುಕೋರರು ಹೆಂಡದಂಗಡಿಗಳಲ್ಲಿ ಹಲಗೆ ಕಟ್ಟಿದ ಕಣ ಮಾಡಿಕೊಂಡು, ಅದರೊಳಗೆ ಇಲಿಗಳನ್ನು ಸುರಿದು, ನಾಯಿ ಎಷ್ಟು ಹೊತ್ತಿನಲ್ಲಿ ಎಷ್ಟನ್ನು ಕೊಲ್ಲುತ್ತದೆ ಎಂದು ಹಣ ಕಟ್ಟತೊಡಗಿದರು. ಕೆಲವು ಪಂದ್ಯಗಳಲ್ಲಿ ನಾಯಿ ತೂಗುವ ಒಂದೊಂದು ಪೌಂಡಿಗೆ ಒಂದೊಂದು ಇಲಿ ಎಂಬ ನಿಯಮವಿತ್ತು. ಹಗುರವಾದ ನಾಯಿ ಕಡಿಮೆ ಇಲಿ ಕೊಂದರೂ ಗೆಲ್ಲುತ್ತಿತ್ತು. ಗಾತ್ರ ಕುಗ್ಗಿದಷ್ಟೂ ಲಾಭ ಎಂಬ ಆಸೆ ಹುಟ್ಟಿದ್ದಕ್ಕೆ ಇದೂ ಒಂದು ಕಾರಣ.

ಈ ಲೋಕದ ದೊಡ್ಡ ಹೆಸರು ಟೈನಿ. ಜೆಮ್ಮಿ ಶಾ ಎಂಬಾತನ ನಾಯಿ, ತೂಕ ಐದೂವರೆ ಪೌಂಡು, ಅಂದರೆ ಸುಮಾರು ಎರಡೂವರೆ ಕೆ.ಜಿ. ಹೆಂಗಸರ ಕೈಬಳೆಯೇ ಅದರ ಕೊರಳಪಟ್ಟಿಯಾಗಿತ್ತಂತೆ. 1848ರಲ್ಲಿ ಮತ್ತು ಮತ್ತೆ 1849ರಲ್ಲಿ ಲಂಡನ್ನಿನ ಬನ್‌ಹಿಲ್ ರೋ ಬೀದಿಯ ಬ್ಲೂ ಆ್ಯಂಕರ್ ಎಂಬ ಹೆಂಡದಂಗಡಿಯಲ್ಲಿ ಅದು ಇನ್ನೂರು ಇಲಿಗಳನ್ನು ಒಂದು ಗಂಟೆಯೊಳಗೆ ಕೊಂದಿತು. ಆ ಆಟವನ್ನು ನಾನು ಮೆಚ್ಚಲಾರೆ. ಆದರೆ ಇಂದು ಸೋಫಾದ ಮೇಲೆ ಮಲಗಿರುವ ನಾಯಿ ಪೊದೆಯೊಳಗಿನ ಸಣ್ಣ ಸದ್ದಿಗೆ ಮೈಯೆಲ್ಲ ಬಿಗಿಮಾಡಿ ಎದ್ದು ನಿಲ್ಲುವುದು ಏಕೆಂದು ಅರ್ಥವಾಗಬೇಕಾದರೆ ಟೈನಿಯ ಕತೆ ತಿಳಿದಿರಬೇಕು.

ಹಾಗಿದ್ದರೆ ಈಗ ಇಷ್ಟು ವಿರಳವಾದದ್ದೇಕೆ?

ಮೂರು ಪೆಟ್ಟು ಬಿದ್ದವು. ವಿಕ್ಟೋರಿಯಾ ಕಾಲದ ಶ್ರೀಮಂತರಿಗೆ ಅತಿ ಪುಟ್ಟ ನಾಯಿಯ ಹುಚ್ಚು ಹತ್ತಿತು. ಅವರ ಬೇಡಿಕೆಗೆ ತಕ್ಕಂತೆ ಹತ್ತಿರದ ಸಂಬಂಧದ ನಾಯಿಗಳನ್ನೇ ಕೂಡಿಸಿ ಗಾತ್ರ ಇಳಿಸುತ್ತ ಹೋದಾಗ ಉಬ್ಬಿದ ತಲೆ, ಹೊರಚಾಚಿದ ಕಣ್ಣು, ನಿಶ್ಶಕ್ತ ದೇಹದ ಮರಿಗಳು ಹುಟ್ಟಿದವು. 1890ರ ದಶಕದಲ್ಲಿ ಕಿವಿ ಕತ್ತರಿಸಿದ ನಾಯಿಗಳಿಗೆ ಕೆನಲ್ ಕ್ಲಬ್ ಪ್ರದರ್ಶನದಲ್ಲಿ ಅವಕಾಶ ನಿಲ್ಲಿಸಿತು. ಅದು ಸರಿಯಾದ ನಿರ್ಧಾರ. ಆದರೆ ಕತ್ತರಿಸಿ ಚೂಪು ಮಾಡಿದ ಕಿವಿಗೇ ಕಣ್ಣು ಒಗ್ಗಿದ್ದ ಸಾಕಣೆದಾರರು ಸಹಜವಾದ ಕಿವಿ ರೂಪಿಸುವ ತಾಳ್ಮೆಯಿಲ್ಲದೆ ಈ ತಳಿಯನ್ನೇ ಬಿಟ್ಟರು. ಮೇಲೆ ಎರಡು ಮಹಾಯುದ್ಧಗಳು ಬಂದವು.

ಇಂದು ಕೆನಲ್ ಕ್ಲಬ್ ಇದನ್ನು ಬ್ರಿಟನ್ನಿನ ಅಳಿವಿನಂಚಿನ ದೇಶಿ ತಳಿಗಳ ಪಟ್ಟಿಯಲ್ಲಿಟ್ಟಿದೆ. ವರ್ಷಕ್ಕೆ 300ಕ್ಕಿಂತ ಕಡಿಮೆ ಮರಿಗಳ ನೋಂದಣಿಯಾಗುವ ತಳಿಗಳು ಆ ಪಟ್ಟಿಗೆ ಸೇರುತ್ತವೆ. ಇದು ಆ ಮಿತಿಗಿಂತ ಬಹಳ ಕೆಳಗಿದೆ. ರಕ್ತ ಹೊಸದಾಗಲೆಂದು ಉತ್ತರ ಅಮೆರಿಕದ ಟಾಯ್ ಮ್ಯಾಂಚೆಸ್ಟರ್ ಟೆರಿಯರುಗಳನ್ನು ತರಿಸಿಕೊಂಡು ನೋಂದಾಯಿಸಲು ಅನುಮತಿಯನ್ನೂ ಕೊಟ್ಟರು. ಮುಧೋಳದ ನಾಯಿಯನ್ನು ಉಳಿಸಿಕೊಳ್ಳಲು ಬಾಗಲಕೋಟೆ ಜಿಲ್ಲೆಯ ತಿಮ್ಮಾಪುರದಲ್ಲಿ ಸಂಶೋಧನಾ ಕೇಂದ್ರ ನಡೆಸುತ್ತಿರುವ ನಾಡಿನವರಿಗೆ ಈ ಆತಂಕವನ್ನು ವಿವರಿಸಿ ಹೇಳಬೇಕಿಲ್ಲ.

ಸ್ವಭಾವ ಹೇಗೆ?

ಮನೆಯವರ ಬಗ್ಗೆ ಅಪಾರ ಪ್ರೀತಿ, ಅಪರಿಚಿತರ ಬಗ್ಗೆ ಎಚ್ಚರ. ನೀವು ಕೋಣೆಯಿಂದ ಕೋಣೆಗೆ ಹೋದರೆ ಹಿಂದೆಯೇ ಬರುತ್ತದೆ, ಕುಳಿತರೆ ತೊಡೆ ಹುಡುಕುತ್ತದೆ, ರಾತ್ರಿ ಹೊದಿಕೆಯೊಳಗೆ ನುಸುಳಿ ಕಾಲಬುಡದಲ್ಲಿ ಮಲಗುತ್ತದೆ. ಬುದ್ಧಿ ಚುರುಕು, ಹೇಳಿದ್ದನ್ನು ಬೇಗ ಕಲಿಯುತ್ತದೆ, ಬೇಕೆನಿಸಿದಾಗ ಮಾಡುತ್ತದೆ. ಗದರಿಸಿದರೆ ಮುದುಡಿಕೊಳ್ಳುವ ಸೂಕ್ಷ್ಮ ಜೀವ ಇದು. ಸಣ್ಣ ತಿಂಡಿ ತುಣುಕು, ಮೆಚ್ಚುಗೆಯ ದನಿ, ದಿನಕ್ಕೆ ಹಲವು ಸಲ ಐದೈದು ನಿಮಿಷದ ಪಾಠ, ಇಷ್ಟಿದ್ದರೆ ಸಾಕು.

ಪುಟ್ಟದೆಂಬ ಕಾರಣಕ್ಕೆ ಸದಾ ಎತ್ತಿಕೊಂಡೇ ತಿರುಗುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಮರಿಯಾಗಿದ್ದಾಗ ನೆಲದ ಮೇಲೆ ನಡೆಯದ, ಬೇರೆ ನಾಯಿಗಳ ವಾಸನೆ ನೋಡದ, ಬಸ್ಸು ಆಟೊಗಳ ಸದ್ದು ಕೇಳದ ಟಾಯ್ ಟೆರಿಯರ್ ದೊಡ್ಡದಾದ ಮೇಲೆ ಎಲ್ಲಕ್ಕೂ ಹೆದರುತ್ತದೆ, ಹೆದರಿ ಕಚ್ಚಲು ಹೋಗುತ್ತದೆ. ಆಗ ಜನ ತಳಿಯನ್ನು ದೂರುತ್ತಾರೆ. ಅದನ್ನು ನಾಯಿಯಾಗಿ ಬೆಳೆಯಲು ಬಿಡದವರು ಯಾರು ಎಂದು ಕೇಳಿಕೊಳ್ಳುವುದಿಲ್ಲ.

ಚಿಕ್ಕ ಮಕ್ಕಳಿರುವ ಮನೆಗೆ ಹೊಂದುತ್ತದೆಯೇ?

ಏಳೆಂಟು ವರ್ಷ ದಾಟಿದ, ಮಾತು ಕೇಳುವ ಮಕ್ಕಳಿದ್ದರೆ ಸೊಗಸಾದ ಜೊತೆ. ತಪ್ಪು ಹೆಜ್ಜೆಯಿಡುವ ಎಳೆಮಕ್ಕಳಿರುವ ಮನೆಗೆ ಬೇಡ ಎಂದೇ ಹೇಳುತ್ತೇನೆ. ಇದರ ಮುಂಗಾಲಿನ ಮೂಳೆ ಪೆನ್ಸಿಲ್ಲಿನಷ್ಟೇ ತೆಳುವು. ಮಗುವಿನ ಕೈಯಿಂದ ಜಾರಿ ಬಿದ್ದರೂ, ಎತ್ತರದ ಮಂಚದಿಂದ ನುಣುಪಾದ ಟೈಲ್ಸ್ ನೆಲಕ್ಕೆ ಹಾರಿದರೂ ಮುರಿಯಬಹುದು. ಮಂಚ ಮತ್ತು ಸೋಫಾದ ಪಕ್ಕ ಸಣ್ಣ ಮೆಟ್ಟಿಲು ಇಡಿ, ಕೆಳಗೆ ಚಾಪೆ ಹಾಸಿ.

ಬೆಕ್ಕು, ಮೊಲ, ಗಿಳಿ ಇದ್ದರೆ?

ಒಟ್ಟಿಗೇ ಬೆಳೆದ ಬೆಕ್ಕಿನೊಡನೆ ಹೊಂದಿಕೊಳ್ಳುತ್ತದೆ. ಮೊಲ, ಗಿನಿಪಿಗ್, ಹ್ಯಾಮ್‌ಸ್ಟರ್ ಬಗ್ಗೆ ಮಾತ್ರ ನಂಬಿಕೆ ಇಡಬೇಡಿ. ಎಷ್ಟು ತರಬೇತಿ ಕೊಟ್ಟರೂ ಒಂದೇ ಕ್ಷಣ ಸಾಕು. ಬಯಲಿನಲ್ಲಿ ಅಳಿಲು ಕಂಡರೆ ನಿಮ್ಮ ಕರೆ ಅದರ ಕಿವಿಗೆ ಬೀಳುವುದೇ ಇಲ್ಲ. ಬೇಲಿಯಿಲ್ಲದ ಜಾಗದಲ್ಲಿ ಹಗ್ಗ ಬಿಚ್ಚಬೇಡಿ. ಕುತ್ತಿಗೆಗೆ ಪಟ್ಟಿ ಕಟ್ಟಿ ಜಗ್ಗುವ ಬದಲು ಎದೆಗೆ ತೊಡಿಸುವ ಪಟ್ಟಿ ಬಳಸಿದರೆ ಶ್ವಾಸನಾಳಕ್ಕೆ ಪೆಟ್ಟಾಗುವುದಿಲ್ಲ.

ಫ್ಲ್ಯಾಟಿನಲ್ಲಿ ಸಾಕಬಹುದೇ? ಎಷ್ಟು ನಡೆಸಬೇಕು?

ಖಂಡಿತ ಸಾಕಬಹುದು. ದಿನಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆಯ ನಡಿಗೆ ಬೇಕು, ಜೊತೆಗೆ ಮೂಗಿಗೆ ಕೆಲಸ ಬೇಕು. ಹಳೆಯ ಟವೆಲಿನ ಮಡಿಕೆಗಳಲ್ಲಿ ತಿಂಡಿ ಬಚ್ಚಿಟ್ಟು ಹುಡುಕಲು ಬಿಡಿ. ಅರ್ಧ ಗಂಟೆ ಮೈಮರೆಯುತ್ತದೆ. ದಿನವಿಡೀ ಬೀಗ ಹಾಕಿದ ಮನೆಯಲ್ಲಿ ಒಂಟಿಯಾಗಿ ಬಿಡುವವರು ಈ ನಾಯಿಯನ್ನು ತರಬಾರದು.

ತುಂಬ ಬೊಗಳುತ್ತದೆಯೇ?

ಬಾಗಿಲ ಬಳಿ ಸದ್ದಾದರೆ ತಿಳಿಸುತ್ತದೆ. ತಿಳಿಸಿದ ಮೇಲೆ ನಿಲ್ಲಿಸುವುದನ್ನು ಮರಿಯಾಗಿದ್ದಾಗಲೇ ಕಲಿಸಬೇಕು.

ಚಳಿ, ಸೆಕೆ ತಡೆಯುತ್ತದೆಯೇ?

ಕೂದಲು ಗಿಡ್ಡ, ಮೈಯಲ್ಲಿ ಕೊಬ್ಬು ಕಡಿಮೆ, ಹಾಗಾಗಿ ಚಳಿಗೆ ಬೇಗ ನಡುಗುತ್ತದೆ. ಇಂಗ್ಲೆಂಡಿನ ಚಳಿಗಾಲದಲ್ಲಿ ಕೋಟು ಹಾಕುವುದು ಶೋಕಿಯಲ್ಲ. ಮಳೆ ಸುರಿಯುವಾಗ ಹೊರಗೆ ಕಾಲಿಡಲು ಹಟ ಮಾಡುವುದರಿಂದ, ಮರಿಯಿದ್ದಾಗ ಶೌಚದ ಅಭ್ಯಾಸ ಮಾಡಿಸುವುದು ನಿಧಾನವಾಗುತ್ತದೆ. ಬಿಸಿಲೆಂದರೆ ಇಷ್ಟ, ನೆಲದ ಮೇಲೆ ಬಿದ್ದ ಬಿಸಿಲಿನ ತುಣುಕನ್ನೇ ಹಿಂಬಾಲಿಸಿ ಮಲಗುತ್ತದೆ. ಆದರೂ ಕಪ್ಪು ಮೈ ಬೇಗ ಕಾಯುತ್ತದೆ. ಬೇಸಗೆಯ ಮಧ್ಯಾಹ್ನ ನಡೆಸಬೇಡಿ.

ಮನೆಯ ಹಿತ್ತಿಲಲ್ಲಿ ಇಲಿ ಹಿಡಿದರೆ ಒಳ್ಳೆಯದೇ ಅಲ್ಲವೇ?

ಹಲವರು ಖುಷಿಯಿಂದ ಕೇಳುವ ಪ್ರಶ್ನೆ ಇದು, ನನಗೆ ಚಿಂತೆ ಹುಟ್ಟಿಸುವುದೂ ಇದೇ. ಇಲಿಯ ಮೂತ್ರದಿಂದ ಹರಡುವ ಲೆಪ್ಟೊಸ್ಪೈರೋಸಿಸ್, ನಮ್ಮ ಕಡೆ ಇಲಿ ಜ್ವರ ಎನ್ನುವುದು, ನಾಯಿಗೂ ಬರುತ್ತದೆ, ನಾಯಿಯಿಂದ ಮನುಷ್ಯರಿಗೂ ದಾಟಬಹುದು. ಮೂತ್ರಪಿಂಡ ಮತ್ತು ಯಕೃತ್ತನ್ನು ಹಾಳುಮಾಡುವ ಕಾಯಿಲೆ. ನೀರು ನಿಲ್ಲುವ ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಅಪಾಯ ಇನ್ನೂ ಹೆಚ್ಚು. ಲಸಿಕೆ ಇದೆ, ಪ್ರತಿ ವರ್ಷ ಮತ್ತೆ ಹಾಕಿಸಬೇಕು. ಹಳೆಯ ಲಸಿಕೆಯ ಚೀಟಿ ತೆಗೆದು ಅದರಲ್ಲಿ ಲೆಪ್ಟೊ ಸೇರಿದೆಯೇ ಎಂದು ಇಂದೇ ನೋಡಿ.

ಎರಡನೆಯದು ಇಲಿ ಪಾಷಾಣ. ವಿಷ ತಿಂದ ಇಲಿಯನ್ನು ನಾಯಿ ತಿಂದರೂ ವಿಷ ನಾಯಿಗೆ ಏರಬಹುದು, ಮೂರು ಕೆ.ಜಿ. ದೇಹಕ್ಕೆ ಸ್ವಲ್ಪವೇ ಸಾಕು. ರಕ್ತ ಹೆಪ್ಪುಗಟ್ಟದಂತೆ ಮಾಡುವ ಪಾಷಾಣಗಳ ಲಕ್ಷಣ ಕೂಡಲೇ ಕಾಣುವುದಿಲ್ಲ, ಎರಡು ಮೂರು ದಿನ ಬಿಟ್ಟು ಒಸಡು ಬಿಳುಚಿ, ಸುಸ್ತಾಗಿ, ರಕ್ತಸ್ರಾವವಾಗುತ್ತದೆ. ತಿಂದಿದೆಯೆಂಬ ಅನುಮಾನ ಬಂದ ಗಳಿಗೆಯಲ್ಲೇ ಪಾಷಾಣದ ಪೊಟ್ಟಣದೊಂದಿಗೆ ಪಶುವೈದ್ಯರ ಬಳಿ ಓಡಿ. ಆ ಬಗೆಯ ಪಾಷಾಣಕ್ಕೆ ವಿಟಮಿನ್ ಕೆ ಚಿಕಿತ್ಸೆ ಇದೆ, ಸಮಯಕ್ಕೆ ಸಿಕ್ಕರೆ ನಾಯಿ ಉಳಿಯುತ್ತದೆ.

ಯಾವ ಕಾಯಿಲೆಗಳ ಬಗ್ಗೆ ಎಚ್ಚರ ಬೇಕು?

ಒಟ್ಟಿನಲ್ಲಿ ಗಟ್ಟಿಮುಟ್ಟಾದ ನಾಯಿ. ಆದರೂ ಪುಟ್ಟ ತಳಿಗಳ ಕೆಲವು ತೊಂದರೆ ಇದಕ್ಕೂ ಇವೆ. ಮಂಡಿಚಿಪ್ಪು ಜಾರುವುದು ಒಂದು: ಓಡುತ್ತಿದ್ದ ನಾಯಿ ಹಠಾತ್ತನೆ ಹಿಂಗಾಲೆತ್ತಿ ಕುಂಟಿ, ನಾಲ್ಕು ಹೆಜ್ಜೆಯ ನಂತರ ಸರಿಹೋದರೆ ಅದೇ ಇರಬಹುದು. ಇನ್ನೊಂದು ಲೆಗ್ ಪರ್ಥೆಸ್ ಎಂಬ ಕಾಯಿಲೆ. ವರ್ಷ ತುಂಬುವ ಮೊದಲೇ ತೊಡೆಮೂಳೆಯ ತಲೆಭಾಗಕ್ಕೆ ರಕ್ತ ಸಾಲದೆ ಅದು ಸವೆಯುತ್ತದೆ. ಮರಿ ಕುಂಟುತ್ತಲೇ ಇದ್ದರೆ ಎಕ್ಸ್‌ರೇ ತೆಗೆಸಲು ತಡಮಾಡಬೇಡಿ. ಶಸ್ತ್ರಚಿಕಿತ್ಸೆಯ ನಂತರ ಇಂಥ ಹಗುರ ನಾಯಿಗಳು ಚೆನ್ನಾಗಿ ಓಡಾಡುತ್ತವೆ.

ಮ್ಯಾಂಚೆಸ್ಟರ್ ಬಳಗದಲ್ಲಿ ವಾನ್ ವಿಲ್ಲೆಬ್ರಾಂಡ್ ಎಂಬ ಆನುವಂಶಿಕ ರಕ್ತದ ತೊಂದರೆಯೂ ಕಂಡುಬರುತ್ತದೆ, ಗಾಯವಾದರೆ ರಕ್ತ ಬೇಗ ಹೆಪ್ಪುಗಟ್ಟುವುದಿಲ್ಲ. ಇದಕ್ಕೆ ವಂಶವಾಹಿ ಪರೀಕ್ಷೆ ಇದೆ. ಮರಿ ಕೊಳ್ಳುವ ಮೊದಲು ತಾಯಿ ತಂದೆಯ ವರದಿ ಕೇಳಿ. ಕೇಳಿದಾಗ ಮುಖ ಸಿಂಡರಿಸುವವರಿಂದ ಮರಿ ತರಬೇಡಿ. ಶಸ್ತ್ರಚಿಕಿತ್ಸೆಗೆ ಮುಂಚೆ ನಿಮ್ಮ ಪಶುವೈದ್ಯರಿಗೂ ಈ ವಿಷಯ ತಿಳಿಸಿ.

ಭಾರತದಲ್ಲಿ ಸಾಕುವವರಿಗೆ ಉಣ್ಣಿಯ ಕಾಟ ಬೇರೆ. ಮೈ ಕಪ್ಪಾಗಿರುವುದರಿಂದ ಕಣ್ಣಿಗೆ ಬೀಳುವುದಿಲ್ಲ. ಕಿವಿಯೊಳಗೆ, ಬೆರಳ ಸಂದಿಯಲ್ಲಿ ಕೈಯಿಂದ ತಡವಿ ಹುಡುಕಿ.

ಏನು ತಿನ್ನಿಸಬೇಕು?

ಮೂರು ಕೆ.ಜಿ. ತೂಕದ ನಾಯಿಗೆ ದಿನಕ್ಕೆ ಸುಮಾರು 220ರಿಂದ 250 ಕ್ಯಾಲೊರಿ ಸಾಕು. ಒಂದು ದೊಡ್ಡ ಚಮಚ ತುಪ್ಪದಲ್ಲೇ ನೂರಕ್ಕೂ ಹೆಚ್ಚು ಕ್ಯಾಲೊರಿ ಇದೆ ಎಂದರೆ, ಅಜ್ಜಿ ಪ್ರೀತಿಯಿಂದ ತುಪ್ಪ ಹಚ್ಚಿ ಕೊಡುವ ಚಪಾತಿ ಆ ನಾಯಿಗೆ ಎಷ್ಟು ದೊಡ್ಡ ಊಟವಾಗುತ್ತದೆಂದು ಲೆಕ್ಕ ಹಾಕಿ. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರು ಸಾಂಬಾರು, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್, ಸಕ್ಕರೆಯಿಲ್ಲದ ಚ್ಯೂಯಿಂಗ್ ಗಮ್ಮಿನಲ್ಲಿರುವ ಕ್ಸೈಲಿಟಾಲ್, ಇವು ವಿಷ. ಮರಿಗೆ ದಿನಕ್ಕೆ ನಾಲ್ಕು ಹೊತ್ತು ಸ್ವಲ್ಪ ಸ್ವಲ್ಪ ಕೊಡಿ. ಹೊಟ್ಟೆ ಖಾಲಿ ಉಳಿದರೆ ರಕ್ತದ ಸಕ್ಕರೆ ಕುಸಿದು ತೂಕಡಿಸಿ ಬಿದ್ದುಬಿಡಬಹುದು.

ಹಲ್ಲನ್ನು ಮರೆಯಬೇಡಿ. ದೊಡ್ಡ ನಾಯಿಗಿರುವ 42 ಹಲ್ಲೇ ಈ ಕಿರಿದಾದ ದವಡೆಯಲ್ಲೂ ಕೂರಬೇಕು. ಆರೇಳು ತಿಂಗಳಾದರೂ ಹಾಲುಹಲ್ಲು ಬೀಳದೆ ಹೊಸ ಹಲ್ಲಿನ ಪಕ್ಕ ಉಳಿದಿದ್ದರೆ ತೆಗೆಸಿ. ದಿನಾ ನಾಯಿಗಳ ಪೇಸ್ಟಿನಿಂದ ಉಜ್ಜಿ.

ಸ್ನಾನ, ಕೂದಲು?

ವಾರಕ್ಕೊಮ್ಮೆ ರಬ್ಬರ್ ಬ್ರಷ್ ಅಥವಾ ಒದ್ದೆ ಬಟ್ಟೆ. ಉಗುರು ಎರಡು ಮೂರು ವಾರಕ್ಕೊಮ್ಮೆ. ಅಷ್ಟೇ.

‘ಟೀಕಪ್’ ಗಾತ್ರದ್ದು ಸಿಗುತ್ತದೆ ಎನ್ನುತ್ತಾರಲ್ಲ?

ಯಾವ ಅಧಿಕೃತ ಮಾನದಂಡದಲ್ಲೂ ಅಂಥ ಗಾತ್ರವಿಲ್ಲ. ಹೆಚ್ಚು ಬೆಲೆಗೆ ಮಾರಲು ಹುಟ್ಟಿಸಿದ ಹೆಸರು. ಗಾತ್ರ ಕುಗ್ಗಿಸುವ ಆಸೆ ಈ ತಳಿಯನ್ನು ಒಮ್ಮೆ ಅಳಿವಿನ ಅಂಚಿಗೆ ತಂದದ್ದನ್ನು ಮೇಲೆ ಹೇಳಿದ್ದೇನೆ.

ಮರಿ ಎಲ್ಲಿ ಸಿಗುತ್ತದೆ?

ಬ್ರಿಟನ್ನಿನಲ್ಲಿದ್ದರೆ ತಳಿಯ ಕ್ಲಬ್ಬಿನ ಮೂಲಕ ಹೋಗಿ, ಕಾಯಲು ಸಿದ್ಧರಾಗಿ. ಒಂದು ಸೂಲಿನಲ್ಲಿ ಹುಟ್ಟುವ ಮರಿಗಳೇ ಕಡಿಮೆ, ಕಾಯುವವರ ಪಟ್ಟಿ ಉದ್ದ. ಮರಿಯನ್ನು ತಾಯಿಯ ಜೊತೆಯಲ್ಲೇ ನೋಡಬೇಕು. 2020ರ ಏಪ್ರಿಲ್‌ನಿಂದ ಇಂಗ್ಲೆಂಡಿನಲ್ಲಿ ಆರು ತಿಂಗಳೊಳಗಿನ ಮರಿಗಳನ್ನು ದಲ್ಲಾಳಿಗಳು, ಅಂಗಡಿಗಳು ಮಾರುವಂತಿಲ್ಲ. ಮನೆ ಕಳೆದುಕೊಂಡ, ಬೆಳೆದ ನಾಯಿ ಸಿಕ್ಕರೆ ಅದನ್ನೂ ಪರಿಗಣಿಸಿ. ಈ ತಳಿ ಹೊಸ ಮನೆಗೆ ಹೊಂದಿಕೊಳ್ಳುತ್ತದೆ.

ಕರ್ನಾಟಕದಲ್ಲಿದ್ದು ಇದೇ ತಳಿ ಬೇಕೆಂದು ಹಟ ಹಿಡಿದರೆ ಮೋಸ ಹೋಗುವ ಸಂಭವವೇ ಹೆಚ್ಚು. ವಾಣಿಜ್ಯ ಉದ್ದೇಶಕ್ಕೂ ಮರಿ ಮಾಡಿಸಲೂ ನಾಯಿಗಳ ಆಮದಿಗೆ ಭಾರತ ಸರ್ಕಾರ 2016ರಲ್ಲಿ ನಿರ್ಬಂಧ ಹಾಕಿದೆ. ‘ಆಮದು ಮಾಡಿದ ಟಾಯ್ ಟೆರಿಯರ್ ಮರಿ’ ಎಂದು ಯಾರಾದರೂ ಮಾರಲು ಬಂದರೆ ಕಾಗದಪತ್ರ ಕೇಳಿ, ಮುಂಗಾಲಿನ ಗುರುತು ನೋಡಿ.

ವಿದೇಶದಿಂದ ಊರಿಗೆ ಮರಳುವಾಗ ನಮ್ಮ ನಾಯಿಯನ್ನು ತರಬಹುದೇ?

ವಾಸ ಬದಲಾಯಿಸಿ ಮರಳುವವರು ಎರಡು ಸಾಕುಪ್ರಾಣಿಗಳ ತನಕ ತರಬಹುದು. ಪ್ರಾಣಿ ಕ್ವಾರಂಟೈನ್ ಕೇಂದ್ರದ ನಿರಾಕ್ಷೇಪಣಾ ಪತ್ರವನ್ನು ಪ್ರಯಾಣಕ್ಕೆ ಮುಂಚೆಯೇ ಪಡೆಯಬೇಕು, ಬೆಂಗಳೂರಿನಲ್ಲೂ ಕೇಂದ್ರವಿದೆ. ಮೈಕ್ರೊಚಿಪ್, ಲಸಿಕೆಯ ದಾಖಲೆ, ಆರೋಗ್ಯ ಪ್ರಮಾಣಪತ್ರ ಕೈಯಲ್ಲಿರಲಿ. ಮತ್ತೆ ಬ್ರಿಟನ್ನಿಗೆ ಹಿಂದಿರುಗುವ ಯೋಚನೆಯಿದ್ದರೆ ಹೊರಡುವ ಮೊದಲೇ ಅಲ್ಲಿನ ಪಶುವೈದ್ಯರಲ್ಲಿ ರೇಬೀಸ್ ಪ್ರತಿಕಾಯದ ರಕ್ತಪರೀಕ್ಷೆ ಮಾಡಿಸಿಕೊಳ್ಳಿ. ಭಾರತದಲ್ಲಿ ಮಾಡಿಸಿದರೆ ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕಾಗುತ್ತದೆ.